ಬದಲಿ ಬಂದೇನ್ರಿ

ಮಂದಿಯನ್ನು ಕೆಲಸಕ್ಕೆ ಹಚ್ಚುವುದೇ ಹೊಟ್ಟೆಪಾಡಾದವರಿಗೆ ಎಡವಟ್ಟುಗಳು ಆಗುತ್ತಲೇ ಇರುತ್ತವೆ. ದೊಡ್ಡ ಊರುಗಳಲ್ಲಿ ವರ್ಷಕ್ಕೊಂದು ಆದರೆ, ನಮ್ಮ ಹಳಿಯಾಳದಲ್ಲಿ ಮಧ್ಯಾಹ್ನದ ಊಟಕ್ಕೆ ಮುಂಚೆ ಎರಡು ಆಗಿರುತ್ತವೆ. ನಾನು ದಾಂಡೇಲಿಯಲ್ಲಿ ಬೆಳೆದು, ಮುಂಬೈ, ಮಸ್ಕತ್, ಸಿಂಗಪುರ ಅಂತ ಹನ್ನೊಂದು ಊರಿನ ನೀರು ಕುಡಿದವಳು. ಒಂದೇ ಕಡೆ ಮೂರು ವರ್ಷ ನಿಂತರೆ ನನಗೆ ಅಂಗಾಲು ತುರಿಸುತ್ತದೆ. ಕಂಪ್ಯೂಟರ್ ಕಂಪನಿಗಳಿಗೆ ಗುತ್ತಿಗೆಯ ಮೇಲೆ ಮಂದಿ ಒದಗಿಸುವ ಮುಂಬೈಯ ಒಂದು ಏಜೆನ್ಸಿಯಲ್ಲಿ ಕೆಲಸ. ಸುಳ್ಳು ಸರ್ಟಿಫಿಕೇಟು ನೋಡಿದ್ದೆ, ಸತ್ತವರ ಹೆಸರಿನಲ್ಲಿ ಬಂದ ಅರ್ಜಿ ನೋಡಿದ್ದೆ. ಇನ್ನು ಯಾವುದಕ್ಕೂ ಬೆಚ್ಚಿಬೀಳುವವಳು ನಾನಲ್ಲ ಅಂದುಕೊಂಡಿದ್ದೆ. ಆ ಸೊಕ್ಕು ಇಳಿಯಲು ಹಳಿಯಾಳದ ಮೂರು ವಾರ ಸಾಕಾದವು.

ಸಕ್ಕರೆ ಇಲ್ಲದ ಚಹಾ

ಇಸವಿ ಎರಡು ಸಾವಿರ ಹುಟ್ಟಿದ ಗಳಿಗೆಯಲ್ಲೇ ಜಗತ್ತಿನ ಕಂಪ್ಯೂಟರುಗಳೆಲ್ಲ ತಲೆ ಕೆಟ್ಟು ನಿಲ್ಲುತ್ತವೆ ಅಂತ ಎಲ್ಲರೂ ಹೆದರಿದ್ದರು. ಆ ಹೆದರಿಕೆಯ ಮೇಲೆ ನಮ್ಮಂಥ ಏಜೆನ್ಸಿಗಳು ಸಿಕ್ಕಸಿಕ್ಕವರನ್ನೆಲ್ಲ ಗುತ್ತಿಗೆಗೆ ಕಳಿಸಿ ದಪ್ಪಗಾಗಿದ್ದವು. ಜನವರಿ ಒಂದನೇ ತಾರೀಖು ಬಂತು, ಹೋಯಿತು. ಏನೂ ಆಗಲಿಲ್ಲ. ಜಗತ್ತಿಗೆ ಅದು ಹಬ್ಬ, ನಮ್ಮ ಆಫೀಸಿನಲ್ಲಿ ಸೂತಕ.

ಆಮೇಲೆ ಹೊಸದೊಂದು ಗಾಳಿ ಬೀಸಿತು. ಅಮೆರಿಕದ ಡಾಕ್ಟರು ರೋಗಿಯನ್ನು ನೋಡಿ ಟೇಪಿನಲ್ಲಿ ಗೊಣಗಿದ್ದನ್ನು ಇಲ್ಲಿಯವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕಳಿಸುವ ಕೆಲಸ. ಬೆಂಗಳೂರಿನ ಒಂದು ಕಂಪನಿ ಇದಕ್ಕಾಗಿ ಹುಬ್ಬಳ್ಳಿಯಲ್ಲಿ ಆಫೀಸು ತೆರೆಯುವುದಿತ್ತು. ಮೊದಲ ಕಂತಿಗೆ ಎಂಟು ಮಂದಿ ಬೇಕು, ಕೆಲಸ ಬಲ್ಲವರಾಗಿರಬೇಕು, ಸಂಬಳ ಮಾತ್ರ ಸಣ್ಣದು. ಮೀಟಿಂಗಿನಲ್ಲಿ ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾಗ ನಾನು ಎದೆ ಉಬ್ಬಿಸಿ, “ನಮ್ಮ ಕಡೆ ಸಿಗ್ತಾರೆ” ಅಂದುಬಿಟ್ಟೆ. ಮರುದಿನವೇ ನನ್ನ ಕೈಯಲ್ಲಿ ಬಸ್ ಟಿಕೆಟ್ಟು.

ಹಳಿಯಾಳದ ಬಸ್‌ಸ್ಟ್ಯಾಂಡಿಗೆ ಹತ್ತಿರ, ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ಒಂದು ಟೈಪಿಂಗ್ ಕ್ಲಾಸು. ಹನ್ನೆರಡು ಟೈಪ್‌ರೈಟರು, ಎಲ್ಲಕ್ಕೂ ಹೂವಿನ ಕಸೂತಿಯ ಮುಸುಕು. ಅದನ್ನು ನಡೆಸುತ್ತಿದ್ದ ಹೆಣ್ಣುಮಗಳನ್ನು ಊರೆಲ್ಲ ಟೈಪಿಂಗ್ ಅಕ್ಕೋರು ಅನ್ನುತ್ತಿತ್ತು. ನಾನೂ ಹಾಗೇ ಅನ್ನುತ್ತೇನೆ. ವಯಸ್ಸು ನಲವತ್ತಮೂರು. ಮದುವೆಗೆ ಮುಂಚೆ ದಾಂಡೇಲಿಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡದ ಒಬ್ಬ ಸಾಹೇಬರ ಸ್ಟೆನೋ ಆಗಿದ್ದರು. ಆ ಸಾಹೇಬರು ಪ್ರತಿ ಪತ್ರದಲ್ಲೂ ಹತ್ತು ಸಲ ‘ಕೈಂಡ್ಲಿ ನೋಟ್’ ಬರೆಸುತ್ತಿದ್ದರಂತೆ. ಸಾಹೇಬರು ಹೋದರು, ಅದು ಮಾತ್ರ ಅಕ್ಕೋರ ನಾಲಿಗೆಗೆ ಅಂಟಿಕೊಂಡಿತು. “ಕೈಂಡ್ಲಿ ನೋಟ್, ಚಹಾ ಆರಾಕತ್ತೈತಿ” ಎಂದೇ ಅವರು ನನ್ನನ್ನು ಬರಮಾಡಿಕೊಂಡದ್ದು.

ಅರ್ಜಿ ತೆಗೆದುಕೊಳ್ಳಲು ನನಗೆ ಜಾಗ ಕೊಟ್ಟರು. ಕ್ಲಾಸಿಗೆ ಬರುತ್ತಿದ್ದ ಹುಡುಗಿಯರನ್ನೆಲ್ಲ ಸಾಲಾಗಿ ಕೂರಿಸಿದರು. ಮೂರನೇ ದಿನ, ಯಾರೂ ಇಲ್ಲದಾಗ, ಸೆರಗು ಸರಿಮಾಡಿಕೊಂಡು ಹೇಳಿದರು: “ನನ್ನ ಹೆಸರೂ ಬರಕೋರಿ. ದೀಪಾವಳಿ ಆದ ಮ್ಯಾಲ ಈ ಮಾಳಿಗಿ ಕಂಪ್ಯೂಟರ್ ಕ್ಲಾಸಿನವರಿಗೆ ಕೊಡತಾರಂತ. ಇಪ್ಪತ್ತೆರಡು ವರ್ಷ ಕಲಿಸೇನಿ. ಮನ್ಯಾಗ ಕುಂದರಾಕ ಬರೂದಿಲ್ಲ ನನಗ.”

ಬೆಂಗಳೂರಿನ ಕಂಪನಿಯಲ್ಲಿ ನೇಮಕಾತಿ ನೋಡಿಕೊಳ್ಳುತ್ತಿದ್ದವನು ಇಪ್ಪತ್ತಾರರ ಹುಡುಗ. ನಾನು ಅವನನ್ನು ಸಾಹೇಬ ಅನ್ನುತ್ತಿದ್ದೆ, ಅದು ಅವನಿಗೆ ಖುಷಿ ಕೊಡುತ್ತಿತ್ತು. ಫೋನ್ ಮಾಡಿ ಕೇಳಿದೆ. “ಸಾಧ್ಯಾನೇ ಇಲ್ಲ ಮೇಡಂ. ಇಪ್ಪತ್ತೈದು ದಾಟಿರಬಾರದು. ಆಮೇಲೆ ಮೆದುಳಿಗೆ ಹೊಸದು ಹತ್ತಲ್ಲ” ಅಂದ. ಅವನ ಮೆದುಳಿನ ಬಾಗಿಲು ಮುಚ್ಚಿ ಒಂದು ವರ್ಷವಾಗಿತ್ತು ಅನ್ನುವುದು ಅವನಿಗೇ ಹೊಳೆದಿರಲಿಲ್ಲ.

ಅಕ್ಕೋರಿಗೆ ವಿಷಯ ತಿಳಿಸಿದೆ. ಅವರು ಒಂದು ಟೈಪ್‌ರೈಟರಿನ ಮುಸುಕನ್ನು ಎರಡು ಸಲ ತೆಗೆದು ಎರಡು ಸಲ ಹಾಕಿದರು. “ಕೈಂಡ್ಲಿ ನೋಟ್, ನಾ ಏನೂ ಬ್ಯಾಸರ ಮಾಡಕೊಂಡಿಲ್ಲ” ಅಂದರು. ಅವತ್ತಿನ ಚಹಾದಲ್ಲಿ ಸಕ್ಕರೆ ಇರಲಿಲ್ಲ. ಕಬ್ಬು ಬೆಳೆಯುವ ಸೀಮೆಯಲ್ಲಿ ಇದಕ್ಕಿಂತ ಕಠೋರವಾಗಿ ಯಾರನ್ನೂ ಶಿಕ್ಷಿಸಲು ಬರುವುದಿಲ್ಲ.

ಎಷ್ಟು ಜೋಡಿ ಬೇಕ್ರಿ?

ಗುತ್ತಿಗೆಯ ಮೇಲೆ ಮಂದಿ ಬೇಕಾಗಿದ್ದಾರೆ ಅನ್ನುವ ಸುದ್ದಿ ಸಂತೆಯಲ್ಲಿ ಹಬ್ಬಿತು. ಒಂದು ಬೆಳಿಗ್ಗೆ ಕೆಳಗೆ ಟೆಂಪೋ ನಿಂತ ಸದ್ದಾಯಿತು. ಕಿಟಕಿಯಿಂದ ನೋಡಿದರೆ ಹದಿನಾಲ್ಕು ಮಂದಿ, ಹಾಸಿಗೆ, ಪಾತ್ರೆ, ಒಂದು ಆಡು ಸಮೇತ. ಮೆಟ್ಟಿಲು ಹತ್ತಿ ಬಂದವನು ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮ. ಹಂಗಾಮಿನಲ್ಲಿ ಆಳುಗಳನ್ನು ಜಮಾಯಿಸಿ ಹೊಲದಿಂದ ಹೊಲಕ್ಕೆ ಕರೆದೊಯ್ಯುವ ಮುಖಂಡ.

“ನಮಸ್ಕಾರ್ರಿ ಬಾಯಾರ. ಎಷ್ಟು ಜೋಡಿ ಬೇಕ್ರಿ?”

“ಜೋಡಿ ಅಂದ್ರ?”

“ಗಂಡ ಹೆಂಡತಿ ಕೂಡಿ ಒಂದು ಜೋಡಿ. ಒಬ್ಬರು ಕಡೀತಾರ, ಒಬ್ಬರು ಸಿವುಡು ಕಟ್ಟತಾರ.”

ಇದು ಕಬ್ಬಲ್ಲ, ಕಂಪ್ಯೂಟರ್ ಅಂತ ತಿಳಿಸಿ ಹೇಳಿದೆ. ಅವನು ನೊಣ ಓಡಿಸಿದ ಹಾಗೆ ಕೈ ಆಡಿಸಿದ. “ಬೆಳಿ ಯಾವದಾರ ಇರವಲ್ದ್ಯಾಕ. ಕರಾರು ಹೇಳ್ರಿ. ಮುಂಗಡ ಎಷ್ಟ ಕೊಡತೀರಿ?”

“ಮುಂಗಡ ಇಲ್ಲ.”

“ಇರಾಕ ಗುಡಸಲಾ?”

“ಅವರವರೇ ಬಾಡಿಗಿ ಹಿಡೀಬೇಕು.”

“ಜ್ವರಾ ಬಂದು ಮಲಕೊಂಡ್ರ?”

“ಆ ದಿನದ ಪಗಾರ ಇಲ್ಲ.”

“ನಡಬರಕ ಕೆಲಸಾನ ನಿಂತ ಹೋದ್ರ?”

“ಮನೀಗೆ ಕಳಿಸ್ತೇವಿ.”

ಒಂದೊಂದು ಉತ್ತರಕ್ಕೂ ಅವನ ಕಣ್ಣು ಅಗಲವಾಗುತ್ತ ಹೋಯಿತು. ಮುಕಾದಮರೇ ಕ್ರೂರಿಗಳು ಅಂತ ನಾನು ಕೇಳಿ ಬೆಳೆದವಳು. ಅವನು ನನ್ನನ್ನು ನೋಡುತ್ತಿದ್ದದ್ದು ಮಾತ್ರ ಹುಲಿಯನ್ನು ನೋಡಿದ ಹಾಗೆ. ಕಡೆಗೆ ದನಿ ತಗ್ಗಿಸಿ ಕೇಳಿದ: “ನಮ್ಮ ನಿಮ್ಮೊಳಗ ಇರ್ಲಿ. ಕಂಪನಿ ಕೊಡೂ ನೂರರಾಗ ನಿಮಗೆಷ್ಟು?”

ಅವನೂ ನಮ್ಮ ದಂಧೆಯವನೇ, ಸುಳ್ಳು ಹೇಳಲು ಮನಸ್ಸಾಗಲಿಲ್ಲ. ನಾಲ್ಕು ಬೆರಳು ತೋರಿಸಿದೆ.

“ನಾಕು? ಅಗದೀ ಕಡಿಮಿ ಆತಲ್ರಿ!”

“ನಲವತ್ತು.”

ಅವನು ಎದ್ದು ನಿಂತು ರುಮಾಲು ತಲೆಗೆ ಸುತ್ತಿಕೊಂಡ. “ನಾ ಹತ್ತು ಹಿಡದ್ರ ನಮ್ಮ ಮಂದಿ ಕುಡಗೋಲು ಮಸಿಯಾಕ ಕುಂದರತಾರ್ರಿ. ನೀವು ನಲವತ್ತು ಹಿಡದು ಜೀವಂತ ಹೆಂಗದೀರಿ?”

ಅವನು ಬಾಗಿಲವರೆಗೆ ಹೋಗಿ, ಏನೋ ಹೊಳೆದವನಂತೆ ತಿರುಗಿದ.

“ಹಾಂ. ನಿಮ್ಮ ಮಂದೀ ಕೈಯಾಗ ಕುಡಗೋಲು ಇರೂದಿಲ್ಲ.”

ತಪ್ಪೇ ಇಲ್ಲದ ಹಾಳೆ

ಟೈಪಿಂಗ್ ಪರೀಕ್ಷೆಯ ದಿನ. ದಾಂಡೇಲಿಯಿಂದ ಹೆಸರು ಬರೆಸಿದ್ದ ಹುಡುಗಿಯ ಬದಲು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ಬೇರೊಬ್ಬ ಹೆಣ್ಣುಮಗಳು ಬಂದು ನಿಂತಳು.

“ನಮ್ಮ ನಾದಿನಿಗೆ ಹೊಟ್ಟಿ ನೋವು ಸುರು ಆಗೇತ್ರಿ. ಆಕಿ ಬದಲಿ ನಾ ಬಂದೇನ್ರಿ.”

“ನಿಮಗ ಟೈಪಿಂಗ್ ಬರ್ತದೇನು?”

“ಇಲ್ರಿ.”

“ಇಂಗ್ಲಿಷು?”

“ಇಲ್ರಿ.”

“ಮತ್ತ ಬಂದು ಏನ್ ಮಾಡತೀರಿ?”

“ಕುಂದರತೇನ್ರಿ. ಹಾಜರಿ ತಪ್ಪಬಾರ್ದಲ್ರಿ?”

ನಾನು ಬಾಯಿ ತೆರೆದುಕೊಂಡೇ ಅಕ್ಕೋರ ಕಡೆ ನೋಡಿದೆ. ಅವರಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. “ದಾಂಡೇಲಿ ಅಂದ್ರ ಕಾಗದದ ಮಿಲ್ಲಿನ ಊರಿನವರು. ಕಾಯಂ ಆಳು ಬರಲಿಲ್ಲಂದ್ರ ಗೇಟಿನ್ಯಾಗ ನಿಂತಿರೂ ಬದಲಿ ಆಳನ್ನ ಒಳಗ ಕರೀತಾರ. ಅದ ರೂಢಿ ಆಗಿಬಿಟ್ಟೈತಿ. ಮದವಿ ಊಟಕ್ಕೂ ಬದಲಿ ಕಳಸತಾರ. ಕೈಂಡ್ಲಿ ನೋಟ್, ಜಾಗಾ ಖಾಲಿ ಇಡಬಾರ್ದು, ಅಷ್ಟ.” ನಾನೂ ಆ ಊರಿನಲ್ಲೇ ಬೆಳೆದವಳು, ಹನ್ನೊಂದು ಊರಿನ ನೀರು ಕುಡಿದು ಆ ರೂಢಿಯನ್ನೇ ಮರೆತಿದ್ದೆ.

ಮಗುವನ್ನು ಅಕ್ಕೋರ ಕೈಗೆ ಕೊಟ್ಟು ಆಕೆ ಯಂತ್ರದ ಮುಂದೆ ಕೂತಳು. ಪರೀಕ್ಷೆ ಮುಗಿಯುವ ತನಕ ಬೆನ್ನು ನೆಟ್ಟಗಿಟ್ಟುಕೊಂಡು, ಒಂದೂ ಕೀಲಿ ಮುಟ್ಟದೆ, ಹಾಳೆಯನ್ನೇ ನೋಡುತ್ತ. ಸಂಜೆ ಎಲ್ಲರ ಹಾಳೆ ತಿದ್ದಿದೆ. ಒಪ್ಪಿಕೊಳ್ಳಬೇಕಾದ ಮಾತೆಂದರೆ, ಒಂದೂ ತಪ್ಪಿಲ್ಲದ ಹಾಳೆ ಆಕೆಯದೊಂದೇ.

ಅಡಕ: ಎರಡು ವರ್ಷ

ಅಂತೂ ಎಂಟು ಹುಡುಗಿಯರು ಸಿಕ್ಕರು, ಎಂಟೂ ಅಕ್ಕೋರ ಶಿಷ್ಯೆಯರೇ. ಬೆರಳು ಕಣ್ಣಿಗೆ ಕಾಣದಷ್ಟು ಚುರುಕು. ಅಕ್ಕೋರು ಓಡಾಡುತ್ತ ಇಂಗ್ಲಿಷ್ ಡಿಕ್ಟೇಶನ್ ಕೊಟ್ಟರೆ, ಇವರು ಕಿಟಕಿಯಾಚೆ ನೋಡುತ್ತಲೇ ಹೊಡೆದು ಮುಗಿಸುತ್ತಿದ್ದರು. ಆದರೆ ಕಂಪನಿಗೆ ‘ಅನುಭವ’ ಬೇಕಿತ್ತು. ಆಗಷ್ಟೇ ಹುಟ್ಟಿದ ಕೆಲಸಕ್ಕೆ ಎರಡು ವರ್ಷದ ಅನುಭವ! ಮುಂಬೈಗೆ ಫೋನ್ ಮಾಡಿದರೆ ನಮ್ಮ ಬಾಸು, “ತೋರಿಸಿಬಿಡು” ಅಂದರು. ನಮ್ಮ ದಂಧೆಯಲ್ಲಿ ಅನುಭವ ಅನ್ನುವುದು ಆಗುವಂಥದ್ದಲ್ಲ, ತೋರಿಸುವಂಥದ್ದು. ನಾನೇ ಎಷ್ಟೋ ಮಂದಿಗೆ ಉದಾರವಾಗಿ ವರ್ಷಗಟ್ಟಲೆ ದಾನ ಮಾಡಿದ್ದೆ. ಯಾರೂ ಬೇಡ ಅಂದಿರಲಿಲ್ಲ, ಇನ್ನೊಂದೆರಡು ವರ್ಷ ಹೆಚ್ಚಿಗೆ ಕೇಳಿದವರುಂಟು.

ಎಂಟೂ ಬಯೋಡೇಟಾಗಳಲ್ಲಿ ಎರಡೆರಡು ವರ್ಷ ಸೇರಿಸಿ ಹುಡುಗಿಯರಿಗೆ ಒಂದೊಂದು ಪ್ರತಿ ಕೊಟ್ಟೆ. ಅವರಲ್ಲಿ ಕ್ಯಾಸಲ್‌ರಾಕ್‌ನವಳೊಬ್ಬಳಿದ್ದಳು. ಅಪ್ಪ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವವನು, ಮನೆಮಾತು ಕೊಂಕಣಿ. ಅಲ್ಲಿಯವರೆಗೆ ನಾನು ಅವಳ ಬಾಯಿಂದ ಒಂದು ಪೂರ್ತಿ ವಾಕ್ಯ ಕೇಳಿರಲಿಲ್ಲ. ಮರುದಿನ ಅವಳು ಮಾತಾಡದೆ ನನ್ನ ಮೇಜಿನ ಮೇಲೆ ಒಂದು ಲಕೋಟೆ ಇಟ್ಟು ಹೋದಳು. ಒಳಗೆ ಒಂದೂ ಕಾಟಿಲ್ಲದೆ ಟೈಪ್ ಮಾಡಿದ ಇಂಗ್ಲಿಷ್ ಪತ್ರ. ಅದರ ತಾತ್ಪರ್ಯ ಇಷ್ಟು:

‘ತಾವು ದಯಪಾಲಿಸಿದ ಎರಡು ವರ್ಷಗಳ ಅನುಭವ ತಲುಪಿತು. ಆದರೆ ಆ ಎರಡು ವರ್ಷ ನಾನು ಕಾಲೇಜಿನಲ್ಲಿದ್ದೆ, ಅಲ್ಲಿಯ ಹಾಜರಿ ಪುಸ್ತಕದಲ್ಲಿ ದಾಖಲೆ ಇದೆ. ಆದ್ದರಿಂದ ಸದರಿ ಅನುಭವವನ್ನು ಈ ಪತ್ರದೊಂದಿಗೆ ಹಿಂತಿರುಗಿಸುತ್ತಿದ್ದೇನೆ. ಅಗತ್ಯವಿರುವ ಬೇರೆ ಯಾರಿಗಾದರೂ ಕೊಡಬೇಕಾಗಿ ವಿನಂತಿ.’

ಹನ್ನೊಂದು ಊರುಗಳಲ್ಲಿ ನನಗೆ ಅನುಭವವನ್ನು ವಾಪಸು ಕೊಟ್ಟವರು ಯಾರೂ ಇರಲಿಲ್ಲ. ಪತ್ರದ ಕೆಳಗೆ ಎಡಗಡೆ, ಅಕ್ಕೋರು ಕಲಿಸಿದ ಪದ್ಧತಿಯಂತೆ, ನೀಟಾಗಿ ಒಂದು ಸಾಲು: ‘ಅಡಕ: ಎರಡು ವರ್ಷ.’

ಮುಂಡಗೋಡದ ಸಂದರ್ಶನ

ಎಂಟರಲ್ಲಿ ಪಾಳಾ ಅನ್ನುವ ಹಳ್ಳಿಯವಳೊಬ್ಬಳು ಕ್ಲಾಸು ಮುಗಿಸಿ ಮುಂಡಗೋಡದಲ್ಲಿ ಒಬ್ಬ ಸಾಹುಕಾರರ ಬೀಜ-ಗೊಬ್ಬರದ ಅಂಗಡಿಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದಳು. ಅವಳನ್ನು ಬಲ್ಲ ಗೌರವಸ್ಥರು ಅಂತ ಅವರ ನಂಬರನ್ನೇ ಕೊಟ್ಟಿದ್ದೆ. ಬೆಂಗಳೂರಿನ ಸಾಹೇಬ ವಿಚಾರಿಸಲು ಅವರಿಗೆ ಫೋನ್ ಮಾಡಿದ. ಅರ್ಧ ಗಂಟೆಯ ನಂತರ ನನಗೆ ಅವನ ಫೋನ್ ಬಂತು.

“ಮೇಡಂ, ನಾನು ಹುಡುಗಿಯ ವೀಕ್‌ನೆಸ್ ಏನು ಅಂತ ಕೇಳಿದೆ. ಅಷ್ಟೇ ಮೇಡಂ!”

“ಅವರೇನಂದ್ರು?”

“ಹೆಣ್ಣುಮಗಳ ಹುಳುಕು ಫೋನಿನಲ್ಲಿ ಕೇಳೋನು ನೀನು ಯಾರು ಅಂದ್ರು. ಯಾವೂರು, ಅಪ್ಪ ಏನು ಮಾಡ್ತಾನೆ, ಬೀಡಿ ಸಿಗರೇಟು ಏನಾದ್ರೂ ಉಂಟಾ... ಎಲ್ಲಾ ಕೇಳಿದ್ರು ಮೇಡಂ. ನಾನು ಎಲ್ಲಾ ಹೇಳಿಬಿಟ್ಟೆ!”

“ಹೇಳಿದ್ಯಾಕೆ?”

“ಗೊತ್ತಿಲ್ಲ ಮೇಡಂ. ಅವರ ದನಿ ಹಂಗಿತ್ತು. ಆಮೇಲೆ ಇದಕ್ಕೆ ಮುಂಚೆ ಎಲ್ಲಿದ್ದೆ ಅಂದ್ರು. ಮೂರು ವರ್ಷದಲ್ಲಿ ನಾಲ್ಕು ಕಂಪನಿ ಅಂದೆ. ಈಗೆಲ್ಲ ಎಲ್ಲರೂ ಹಂಗೇ ತಾನೇ ಮೇಡಂ? ಅವರು ಪಕ್ಕದಲ್ಲಿದ್ದ ಯಾರಿಗೋ, ‘ತಾನ ಒಂದ ಕಡೆ ನಿಲ್ಲದಾಂವ, ನಮ್ಮ ಹುಡುಗಿ ನಿಲ್ಲತಾಳೋ ಇಲ್ಲೋ ಕೇಳಾಕ ಹತ್ಯಾನ’ ಅಂದ್ರು. ‘ವಿಚಾರ ಮಾಡಿ ತಿಳಸತೇವಿ’ ಅಂತ ಇಟ್ಟೇಬಿಟ್ರು. ಮೇಡಂ, ನನಗ್ಯಾಕೋ ನಾನು ಫೇಲಾದೆ ಅನ್ಸುತ್ತೆ.”

ನಾನು ಬಸ್ಸು ಹತ್ತಿ ಮುಂಡಗೋಡಕ್ಕೆ ಹೋದೆ. ಸಾಹುಕಾರರು ಹಣೆಯ ತುಂಬ ವಿಭೂತಿ ಧರಿಸಿ, ಗೊಬ್ಬರದ ಚೀಲಗಳ ನಡುವೆ ನ್ಯಾಯಾಧೀಶರಂತೆ ಕೂತಿದ್ದರು. ಹುಡುಗಿಗೆ ಸಂತೋಷದಿಂದ ಒಪ್ಪಿಗೆ ಕೊಟ್ಟರು. ಬಂಗಾರದಂಥ ಹುಡುಗಿ ಅಂದರು. ಎದ್ದು ಹೊರಟಾಗ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು:

“ಆ ಬೆಂಗಳೂರಿನ ಹುಡುಗ ಸಂಭಾವಿತ ಅದಾನ. ಆದ್ರ ನಮ್ಮ ಕೆಲಸಕ್ಕ ಆಗೂದಿಲ್ಲ. ಅವಗ ಬ್ಯಾಸರ ಆಗದಂಗ ನೀವ ತಿಳಿಸಿ ಹೇಳ್ರಿ.”

ಗಾಜಿನ ಪೆಟ್ಟಿಗೆ

ಉಳಿದದ್ದು ಫೋನ್ ಸಂದರ್ಶನ. ಅದು ಆಗ ಹೊಸ ಫ್ಯಾಷನ್ನು. ಬೆಂಗಳೂರಿನಿಂದ ಸಾಹೇಬ ಫೋನ್ ಮಾಡಿ, ಒಬ್ಬೊಬ್ಬರ ಜೊತೆ ಇಂಗ್ಲಿಷಿನಲ್ಲಿ ಹತ್ತು ನಿಮಿಷ ಮಾತಾಡಿ ಆರಿಸುತ್ತಾನೆ. ಕೆಲಸದಲ್ಲಿ ಬಾಯಿ ಬಿಚ್ಚುವ ಪ್ರಸಂಗವೇ ಇಲ್ಲ. ದಿನವಿಡೀ ಕೇಳುವುದು, ಟೈಪ್ ಮಾಡುವುದು. ಆದರೂ ಬಾಯಿಯ ಪರೀಕ್ಷೆ.

ಅಭ್ಯಾಸಕ್ಕೆಂದು ನಾನೇ ಪ್ರಶ್ನೆ ಕೇಳಿ ನೋಡಿದೆ. ಪಾಳಾದವಳು ಎಲ್ಲಕ್ಕೂ “ಹ್ಞೂಂ” ಅಂದಳು. ಇನ್ನೊಬ್ಬಳು ಎದ್ದು ಕೈ ಮುಗಿದಳು. ಕ್ಯಾಸಲ್‌ರಾಕ್‌ನವಳು ಉತ್ತರವನ್ನು ಗಾಳಿಯಲ್ಲೇ ಟೈಪ್ ಮಾಡಿದಳು. ಬೆರಳು ಆಡಿತು, ತುಟಿ ಆಡಲಿಲ್ಲ. ಮುಗಿಯಿತು ಕಥೆ ಅಂದುಕೊಂಡೆ. ಅದೇ ಹೊತ್ತಿಗೆ ಎಂಟರಲ್ಲೊಬ್ಬಳಾದ ಜೋಯಿಡಾದ ಹುಡುಗಿಯ ಅಪ್ಪ ಮಗಳನ್ನು ಹುಬ್ಬಳ್ಳಿಗೆ ಕಳಿಸುವುದಿಲ್ಲ ಅಂತ ಹಟ ಹಿಡಿದ ಸುದ್ದಿ ಬಂತು. ಸಂದರ್ಶನದ ಎರಡೂ ದಿನ ನಾನು ಅಲ್ಲಿ ಅವನನ್ನು ಒಪ್ಪಿಸುತ್ತ ಕೂತೆ. “ನೀವು ಹೋಗಿ ಬರ್ರಿ, ಇಲ್ಲೀದು ನಾ ನೋಡಕೋತೇನಿ” ಅಂದಿದ್ದರು ಅಕ್ಕೋರು.

ಅವನನ್ನು ಒಪ್ಪಿಸಿ ತಿರುಗಿ ಬಂದ ಕೂಡಲೇ ಕ್ಲಾಸಿನ ಕೆಳಗಿನ ಎಸ್‌ಟಿಡಿ ಬೂತಿಗೆ ಸಾಹೇಬನ ಫೋನು. ನಾನು ಕಣ್ಣು ಮುಚ್ಚಿಕೊಂಡು ಎತ್ತಿಕೊಂಡೆ.

“ಎಂಟಕ್ಕೆ ಎಂಟೂ ಸೆಲೆಕ್ಟ್ ಮೇಡಂ! ಎಂಥಾ ಇಂಗ್ಲಿಷು! ಎಷ್ಟು ಸ್ಪಷ್ಟ! ಬೆಂಗಳೂರಲ್ಲೂ ಸಿಗಲ್ಲ ಇಂಥವರು. ಒಂದೇ ಡೌಟು ಮೇಡಂ. ಎಂಟೂ ಜನ ಮಾತು ಮಾತಿಗೂ ‘ಕೈಂಡ್ಲಿ ನೋಟ್’ ಅಂತಾರೆ. ನಿಮ್ಮ ಕಡೆ ಹಾಗೇನಾ?”

“ಹೌದು” ಅಂದೆ. “ಈ ಕಡೆ ನೀರೇ ಹಂಗ.”

ಫೋನಿಟ್ಟು ಮೆಟ್ಟಿಲು ಹತ್ತಿದೆ. ಅಕ್ಕೋರು ಟೈಪ್‌ರೈಟರಿಗೆ ಎಣ್ಣೆ ಬಿಡುತ್ತಿದ್ದರು.

“ಅಕ್ಕೋರ, ಎಂಟೂ ನೀವ ಮಾತಾಡಿದ್ರೇನು?”

“ಹೌದು. ಎಸ್‌ಟಿಡಿ ಬೂತಿನ್ಯಾಗ ಆ ಗಾಜಿನ ಪೆಟ್ಟಿಗಿ ಐತೆಲ್ಲ, ಅದರಾಗ ಕುಂತಿದ್ದೆ. ಒಬ್ಬೊಬ್ಬಾಕೀನ ಬಯೋಡೇಟಾ ಬಾಯಿಪಾಠ ಮಾಡಕೊಂಡಿದ್ದೆ.” ತಲೆ ಎತ್ತಲಿಲ್ಲ. “ಒಂಬತ್ತನೇದಕ್ಕೂ ಮಾತಾಡತಿದ್ದೆ. ಆಕಿಗೆ ವಯಸ್ಸಾಗೇತಿ ಅಂದ್ರಲ್ಲ.”

ಆ ಮಾತು ನನಗೆ ನಾಟಿತು. ಆದರೂ ಹೆದರಿಕೆ ದೊಡ್ಡದಿತ್ತು. “ಇದು ಮೋಸಾರೀ! ತಿಳೀತಂದ್ರ ಎಂಟೂ ಹುಡುಗ್ಯಾರ ಕೆಲಸ ಹೋಗ್ತದ, ನಂದೂ ಹೋಗ್ತದ!”

“ಮೋಸ ಯಾಕ? ಟೈಪ್ ಅವರ ಹೊಡೀತಾರ. ಬಾಯಿ ಬೇಕಾದದ್ದು ಬರೇ ಪರೀಕ್ಷಾಕ್ಕ. ಬಾಯಿಗಷ್ಟ ನಾ ಬದಲಿ ಕುಂತೆ. ನಮ್ಮ ಮಾವನೋರು ಮಿಲ್ಲಿನ್ಯಾಗ ಬದಲಿ ಆಗೇ ಹೊಕ್ಕವರು, ನಮ್ಮನಿಯವರೂ ಬದಲಿ ಆಗೇ ಕಾಯಂ ಆದವರು. ಕೈಂಡ್ಲಿ ನೋಟ್, ಜಾಗಾ ಖಾಲಿ ಬಿಡಬಾರ್ದು.”

ಹಾಗೆ ನೋಡಿದರೆ ನನಗೆ ಇದು ಹೊಸದಲ್ಲ. ಮುಂಬೈಯಲ್ಲಿ ಬೇರೆಯವರ ಫೋನ್ ಸಂದರ್ಶನ ಕೊಡುವುದನ್ನೇ ವೃತ್ತಿ ಮಾಡಿಕೊಂಡ ಒಬ್ಬನಿದ್ದ. ಕದ್ದುಮುಚ್ಚಿ, ತಲೆಗಿಷ್ಟು ಅಂತ ದರ ಇಟ್ಟು. ಅವನ ವಿಷಯ ಹೇಳಿದೆ. ಅಕ್ಕೋರ ಕೈಯಿಂದ ಎಣ್ಣೆಯ ಡಬ್ಬಿ ಜಾರಿತು.

“ರೊಕ್ಕಾ ತಗೋತಿದ್ನ? ಬದಲಿ ಹೋಗಾಕ? ಛೀ!”

ಕಾಲು ಮುರಿದ ಕುರ್ಚಿ

ವಾರದ ನಂತರ ಸಾಹೇಬನೇ ಖುದ್ದು ಬಂದ. ಇಷ್ಟು ಚೆನ್ನಾಗಿ ಮಾತಾಡುವ ಎಂಟು ಮಂದಿಯನ್ನು ಕಣ್ಣಾರೆ ನೋಡಿ, ನೇಮಕಪತ್ರ ಕೊಟ್ಟು ಹೋಗುವ ಆಸೆ ಅವನಿಗೆ. ಅಕ್ಕೋರಿಗೆ ನಾನು ಕೈ ಮುಗಿದು ಕೇಳಿಕೊಂಡಿದ್ದೆ: “ನೀವು ಬಾಯಿ ಮಾತ್ರ ತೆರೀಬ್ಯಾಡ್ರಿ.” ಅವರು ತಲೆ ಅಲ್ಲಾಡಿಸಿ ಚಹಾ ಮಾಡಲು ಒಳಗೆ ಹೋದರು.

ಸಾಹೇಬ ಎಂಟು ಹುಡುಗಿಯರ ಎದುರು ನಿಂತು ಇಂಗ್ಲಿಷಿನಲ್ಲಿ, “ಹೇಗಿದ್ದೀರ ಎಲ್ಲ?” ಅಂದ. ಎಂಟೂ ತಲೆಗಳು ನೆಲ ನೋಡಿದವು. “ಪಾಪ, ನಾಚಿಕೆ” ಅಂದೆ. “ಫೋನಲ್ಲಿ ನಾಚಿಕೆ ಇರಲಿಲ್ಲವಲ್ಲ ಮೇಡಂ?” ಅನ್ನುತ್ತ ಅವನು ಹಿಂದೆ ಸರಿದು ಕೂರಲು ಹೋದ. ಅದು ಕಾಲು ಮುರಿದ ಕುರ್ಚಿ. ಚಹಾ ಹಿಡಿದು ಹೊರಬಂದ ಅಕ್ಕೋರಿಗೆ ನನಗೆ ಕೊಟ್ಟ ಮಾತಿಗಿಂತ ಅತಿಥಿಯ ಸೊಂಟ ದೊಡ್ಡದೆನಿಸಿತು. ಶುದ್ಧ ಇಂಗ್ಲಿಷಿನಲ್ಲಿ ಕೂಗಿದರು:

“ಕೈಂಡ್ಲಿ ನೋಟ್, ಸರ್, ಆ ಕುರ್ಚಿಯ ಕಾಲು ಮುರಿದಿದೆ!”

ಅವನು ಅರ್ಧ ಕೂತವನು ಗಾಳಿಯಲ್ಲೇ ನಿಂತ. ಆ ದನಿಯನ್ನು ಎರಡು ದಿನ, ಎಂಟು ಸಲ ಕೇಳಿದ್ದ. ಕಣ್ಣು ಅಕ್ಕೋರ ಮೇಲೆ, ಆಮೇಲೆ ಹುಡುಗಿಯರ ಮೇಲೆ, ಮತ್ತೆ ಅಕ್ಕೋರ ಮೇಲೆ. “ನೀವು... ಪಾಳಾದವರು?”

“ಅದು ಮೊದಲನೇ ದಿನದ್ದು” ಅಂದರು ಅಕ್ಕೋರು.

“ಜೋಯಿಡಾ?”

“ಅದೂ ನಾನ.”

“ಹಾಗಾದ್ರೆ ಕ್ಯಾಸಲ್‌ರಾಕ್...”

“ಎಂಟೂ ನಾನ ರೀ. ಚಹಾ ತಗೋರಿ.”

ಸಾಹೇಬ ಕೂತೇಬಿಟ್ಟ, ಅದೇ ಕುರ್ಚಿಯ ಮೇಲೆ. ಅವನನ್ನು ನೆಲದಿಂದ ಎಬ್ಬಿಸಲು ನಾಲ್ವರು ಬೇಕಾದರು.

ಎದ್ದ ಮೇಲೆ ಅವನಿಗೆ ಸಿಟ್ಟು ಬಂತು, ಬರಬೇಕಾದದ್ದೇ. ಎಲ್ಲ ರದ್ದು ಅಂದ, ಮುಂಬೈಗೆ ಬರೆಯುತ್ತೇನೆ ಅಂದ. ಹುಡುಗಿಯರ ಮುಖ ಸಪ್ಪೆಯಾಯಿತು. ನಾನು ಬೇಡಿಕೊಂಡೆ: “ಬಾಯಿ ಬ್ಯಾಡ, ಕೆಲಸ ನೋಡ್ರಿ. ಆಮೇಲೆ ನಿಮ್ಮ ಇಷ್ಟ.” ಅವನು ಚೀಲದಿಂದ ಟೇಪ್‌ರೆಕಾರ್ಡರು ತೆಗೆದು, ಅಮೆರಿಕದ ಒಬ್ಬ ಡಾಕ್ಟರ ಗೊಣಗಾಟ ಹಾಕಿದ. ನನಗೆ ಅದು ಹಲ್ಲು ಕೀಳಿಸಿಕೊಂಡವನ ಮಾತಿನ ಹಾಗೆ ಕೇಳಿಸಿತು. ಎಂಟು ಯಂತ್ರಗಳು ಒಟ್ಟಿಗೆ ಹೊಡೆದುಕೊಳ್ಳತೊಡಗಿದವು, ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. ಟೇಪು ನಿಂತ ಕ್ಷಣಕ್ಕೇ ಯಂತ್ರಗಳೂ ನಿಂತವು. ಅವನು ಒಂದೊಂದೇ ಹಾಳೆ ನೋಡಿದ. ಕ್ಯಾಸಲ್‌ರಾಕ್‌ನವಳು ಡಾಕ್ಟರು ಎಲ್ಲಿ ಕೆಮ್ಮಿದ, ಎಲ್ಲಿ ನೀರು ಕುಡಿದ ಅನ್ನುವುದನ್ನೂ ಬಿಟ್ಟಿರಲಿಲ್ಲ.

“ಇವರಿಗೆ ಕಲಿಸಿದ್ದು ಯಾರು?” ಅಂದ, ಮೆತ್ತಗೆ.

ಯಾರೂ ಹೇಳಬೇಕಾಗಲಿಲ್ಲ. ಅವನು ತಾನೇ ಅಕ್ಕೋರ ಕಡೆ ತಿರುಗಿದ. “ಹುಬ್ಬಳ್ಳಿಯಲ್ಲಿ ಕಲಿಸೋದಕ್ಕೆ ನಮಗೆ ಒಬ್ಬರು ಬೇಕು ಮೇಡಂ. ಆದ್ರೆ ವಯಸ್ಸು...”

“ಸಾಹೇಬ್ರೇ,” ಅಂದೆ ನಾನು, “ಇವರನ್ನು ನೀವು ಆಗಲೇ ಎಂಟು ಸಲ ಆರಿಸಿದ್ದೀರಿ.”

ಒಂಬತ್ತನೇ ಫೋನು

ಅವನು ಬೂತಿಗಿಳಿದು ಬೆಂಗಳೂರಿನ ತನ್ನ ದೊಡ್ಡ ಸಾಹೇಬರಿಗೆ ಫೋನ್ ಮಾಡಿದ. ಕಲಿಸುವವರಿಗೆ ವಯಸ್ಸಿನ ಅಡ್ಡಿ ಇಲ್ಲ ಅಂತ ಒಪ್ಪಿಗೆ ಬಂತು. ಆದರೆ ನಿಯಮ ನಿಯಮವೇ. ಫೋನ್ ಸಂದರ್ಶನ ಆಗಲೇಬೇಕು, ನಾಲ್ಕು ಗಂಟೆಗೆ ತಾವೇ ಮಾಡುತ್ತೇವೆ ಅಂದರಂತೆ. ನಾವೆಲ್ಲ ನಕ್ಕೆವು. ಎಂಟು ಸಲ ಪಾಸಾದವರಿಗೆ ಒಂಬತ್ತನೆಯದು ಯಾವ ಲೆಕ್ಕ?

ನಾಲ್ಕಕ್ಕೆ ಫೋನ್ ರಿಂಗಾಯಿತು. ಅಕ್ಕೋರು ಗಾಜಿನ ಪೆಟ್ಟಿಗೆಯೊಳಗೆ ಕೂತರು. ಸೆಕೆಯೆಂದು ಬಾಗಿಲು ತೆರೆದೇ ಇತ್ತು. ಹೊರಗೆ ನಾನು, ಸಾಹೇಬ, ಎಂಟು ಹುಡುಗಿಯರು. ದೊಡ್ಡ ಸಾಹೇಬರ ದನಿ ಬೀದಿಗೇ ಕೇಳುವಂತಿತ್ತು. “ನಿಮ್ಮ ಬಗ್ಗೆ ಸ್ವಲ್ಪ ಹೇಳಿ” ಅಂದರು, ಇಂಗ್ಲಿಷಿನಲ್ಲಿ.

ಅಕ್ಕೋರು ಬಾಯಿ ತೆರೆದರು. ಮಾತು ಬರಲಿಲ್ಲ. ಮತ್ತೆ ತೆರೆದರು. ಎಂಟು ಮಂದಿಯ ಬಯೋಡೇಟಾ ಬಾಯಿಪಾಠವಿತ್ತು. ಅವರದ್ದನ್ನು ಈತನಕ ಯಾರೂ ಕೇಳಿರಲಿಲ್ಲ, ಬರೆದೂ ಇರಲಿಲ್ಲ. “ಹಲೋ? ಹಲೋ?” ಅನ್ನುತ್ತಿತ್ತು ಫೋನು. ಅಕ್ಕೋರು ನಮ್ಮ ಕಡೆ ತಿರುಗಿ ನೋಡಿದರು. ಗೇಟಿನಲ್ಲಿ ಕಾಯಂ ಆಳು ತಪ್ಪಿದಾಗ ನೋಡುತ್ತಾರಲ್ಲ, ಹಾಗೆ: ಜಾಗ ಖಾಲಿ ಇದೆ, ಯಾರಿದ್ದೀರಿ?

ಕ್ಯಾಸಲ್‌ರಾಕ್‌ನವಳು ಮುಂದೆ ಹೋಗಿ ಅಕ್ಕೋರ ಕೈಯಿಂದ ಫೋನ್ ತೆಗೆದುಕೊಂಡಳು. ಮೂರು ವಾರದಲ್ಲಿ ಒಂದು ವಾಕ್ಯ ಆಡದಿದ್ದವಳು, ಅಕ್ಕೋರದೇ ದನಿ, ಅಕ್ಕೋರದೇ ಗತ್ತಿನಲ್ಲಿ, ಹಲಗೆಯ ಮೇಲೆ ಮೊಳೆ ಹೊಡೆದಂಥ ಇಂಗ್ಲಿಷಿನಲ್ಲಿ ಶುರು ಮಾಡಿದಳು:

“ಕೈಂಡ್ಲಿ ನೋಟ್, ಸರ್. ನನಗೆ ಇಪ್ಪತ್ತೆರಡು ವರ್ಷದ ಅನುಭವವಿದೆ.”

ಎರಡು ವರ್ಷ ಹೆಚ್ಚಾಯಿತೆಂದು ಅಡಕ ಮಾಡಿ ವಾಪಸು ಕಳಿಸಿದ ಹುಡುಗಿ! ಇಪ್ಪತ್ತೆರಡನ್ನು ಕಣ್ಣು ಪಿಳುಕಿಸದೆ ನುಂಗಿದಳು. ಹತ್ತು ನಿಮಿಷ ಮಾತಾಡಿದಳು. ಅಕ್ಕೋರು ಪಕ್ಕದಲ್ಲೇ ಕೂತು ತಮ್ಮ ಕಥೆಯನ್ನು ಮೊದಲ ಸಲ ಕೇಳುವವರಂತೆ ಕೇಳಿದರು. ನಡುವೆ ಒಂದು ಕಡೆ ಸೆರಗಿನಿಂದ ಕಣ್ಣೊರೆಸಿಕೊಂಡು, “ವ್ಯಾಕರಣ ತಪ್ಪಿತು” ಅಂತ ಪಿಸುಗುಟ್ಟಿದರು.

“ಇಂಥವರನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ?” ಅಂದರು ದೊಡ್ಡ ಸಾಹೇಬರು, ಆಮೇಲೆ ಫೋನ್ ಹಿಡಿದ ಸಾಹೇಬನಿಗೆ. “ಸೋಮವಾರದಿಂದಲೇ ಬರಲಿ.”

ಫೋನಿಟ್ಟು ಸಾಹೇಬ ಗೋಡೆಗೆ ಒರಗಿ, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. “ಮೇಡಂ, ನಾನೇನೂ ನೋಡಲಿಲ್ಲ” ಅಂದ. ಅಕ್ಕೋರು ಅವನಿಗೆ ಇನ್ನೊಂದು ಚಹಾ ತರಿಸಿದರು, ಎರಡು ಚಮಚ ಸಕ್ಕರೆ ಹಾಕಿಸಿ.

ಆ ಸೋಮವಾರ ಹುಬ್ಬಳ್ಳಿಯ ಬಸ್ಸಿನಲ್ಲಿ ಒಂಬತ್ತೂ ಮಂದಿಯನ್ನು ಕೂರಿಸಿ ಕೈ ಬೀಸಿದಾಗ ನನಗೆ ಹೊಳೆಯಿತು: ಒಂಬತ್ತು ನೇಮಕ, ಒಬ್ಬರೂ ತಮ್ಮ ಸಂದರ್ಶನ ತಾವು ಕೊಟ್ಟವರಲ್ಲ. ಆ ಇಡೀ ವ್ಯವಹಾರದಲ್ಲಿ ಬದಲಿ ಇಲ್ಲದೆ, ಕೇಳಿದ ಪ್ರಶ್ನೆಗೆಲ್ಲ ತಾನೇ, ಪ್ರಾಮಾಣಿಕವಾಗಿ ಉತ್ತರ ಕೊಟ್ಟವನು ಒಬ್ಬನೇ ಒಬ್ಬ: ಬೆಂಗಳೂರಿನ ಸಾಹೇಬ, ಮುಂಡಗೋಡದ ಗೊಬ್ಬರದಂಗಡಿಯ ಫೋನಿನಲ್ಲಿ.

ನಾಪಾಸಾದವನೂ ಅವನೊಬ್ಬನೇ.